ತೆರೆಯ ಹಿಂದೆ ಯಾರಿದ್ದಾರೆ?

ಆಗ ನಾನು ಕೆಲಸಕ್ಕೆ ಸೇರಿ ಮೂರನೇ ವರ್ಷ. ಕಂಪನಿಯ ಅಪ್ರೈಸಲ್ ಆಪ್ ಬರೆಯುವ ತಂಡದಲ್ಲಿದ್ದೆ. ಹೊರಗೆ ಮಾರುವಂಥದ್ದಲ್ಲ, ಒಳಗಿನವರಿಗಾಗಿ ಒಳಗಿನವರೇ ಮಾಡಿಕೊಂಡಿದ್ದ ಸಾಫ್ಟ್‌ವೇರ್. ಅದರಲ್ಲೊಂದು ಪುಟ. ವರ್ಷದ ಗುರಿಗಳು, ನಿಮ್ಮ ಬಗ್ಗೆ ನೀವೇ ಬರೆದುಕೊಂಡದ್ದು, ಮ್ಯಾನೇಜರ್ ಬರೆದದ್ದು, ಎಲ್ಲದರ ಕೆಳಗೆ ರೇಟಿಂಗ್. ಈ ರೇಟಿಂಗ್ ಮಾತ್ರ ಎಚ್‌ಆರ್‌ನವರು ಪ್ರಕಟಿಸುವ ದಿನದವರೆಗೆ ಯಾರಿಗೂ ಕಾಣಬಾರದು. ಟಿಕೆಟ್‌ನಲ್ಲಿ ಇದ್ದದ್ದು ಒಂದೇ ಸಾಲು: ‘ಬಿಡುಗಡೆಯ ತನಕ ರೇಟಿಂಗ್ ಹೈಡ್ ಮಾಡಿ.’

ಮಾಡಿದೆ. ವ್ಯೂ ಫ್ರೇಮ್‌ವರ್ಕ್‌ನಲ್ಲಿ ಬರೆದ ಪುಟ ಅದು. ಆ ಪೆಟ್ಟಿಗೆಗೆ ‘ವಿ-ಶೋ’ ಅಂತ ಒಂದು ಪದ ಸೇರಿಸಿದೆ, ಇವತ್ತಿನ ತಾರೀಖನ್ನೂ ಬಿಡುಗಡೆಯ ತಾರೀಖನ್ನೂ ಹೋಲಿಸಿದೆ, ಹತ್ತು ನಿಮಿಷದಲ್ಲಿ ಟಿಕೆಟ್ ಮುಚ್ಚಿ ಕಾಫಿಗೆ ಹೋದೆ. ಕೋಡ್ ರಿವ್ಯೂ ಮಾಡಿದವರೂ ಎರಡು ನಿಮಿಷದಲ್ಲಿ ಸರಿ ಅಂದರು. ಪುಟ ತೆರೆದು ನೋಡಿದರೆ ರೇಟಿಂಗ್ ಕಾಣುತ್ತಿರಲಿಲ್ಲ ತಾನೇ.

ಬಿಡುಗಡೆಗೆ ನಾಲ್ಕು ದಿನ ಇತ್ತು. ಅದೇ ಮಹಡಿಯ ಬೇರೆ ತಂಡದ ಸಹೋದ್ಯೋಗಿಯೊಬ್ಬಳು ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಪುಟ ತುಂಬಾ ನಿಧಾನ, ಯಾಕೆ ಅಂತ ನೋಡೋಣ ಅಂತ ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದಿದ್ದಳಂತೆ. ನಾವೆಲ್ಲ ದಿನಕ್ಕೆ ಐವತ್ತು ಸಲ ಮಾಡುವ ಕೆಲಸ. ಎಡಗಡೆ ಪುಟದಲ್ಲಿ ಏನೂ ಇಲ್ಲ. ಬಲಗಡೆ ಎಚ್‌ಟಿಎಂಎಲ್‌ನಲ್ಲಿ ಅವಳ ರೇಟಿಂಗ್, ಎಲ್ಲಕ್ಕಿಂತ ಕೆಳಗಿನದು. ಅದರ ಪಕ್ಕದಲ್ಲೇ ಮ್ಯಾನೇಜರ್‌ನ ಟಿಪ್ಪಣಿ, ಅದರಲ್ಲಿ ‘ಪಿಐಪಿ’ ಅನ್ನುವ ಮೂರಕ್ಷರ.

“ಇದು ನಿಮ್ ಟೀಮ್‌ದಲ್ವಾ? ಇದು ನಿಜಾನಾ, ಇಲ್ಲ ಟೆಸ್ಟ್ ಡೇಟಾನಾ?” ಅಂತ ಕೇಳಿದಳು.

ಟೆಸ್ಟ್ ಡೇಟಾ ಆಗಿರಲಿ ಅನ್ನುವ ಆಸೆ ಅವಳ ದನಿಯಲ್ಲಿತ್ತು. ನನಗೆ ಉತ್ತರ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ.

ಆ ಕಥೆಗೆ ಆಮೇಲೆ ಬರ್ತೀನಿ. ವೆಬ್ ಫ್ರೇಮ್‌ವರ್ಕ್‌ಗಳ ವಿಮರ್ಶೆ ಅಂದರೆ ನಾವು ಸಾಮಾನ್ಯವಾಗಿ ಯಾವುದು ವೇಗ, ಯಾವುದಕ್ಕೆ ಕೆಲಸ ಜಾಸ್ತಿ ಸಿಗುತ್ತೆ ಅಂತ ಜಗಳ ಆಡ್ತೀವಿ. ನಾನಿಲ್ಲಿ ಒಂದೇ ಒಂದು ಸಣ್ಣ ವಿಷಯ ಹಿಡಿದು ಅವುಗಳನ್ನು ನೋಡಬೇಕು ಅಂತಿದ್ದೀನಿ. ಪುಟದ ಒಂದು ಭಾಗವನ್ನು, ಅಂದರೆ ಒಂದು ಕಾಂಪೊನೆಂಟನ್ನು, ಬೇಕಾದಾಗ ಕಾಣಿಸಿ ಬೇಡವಾದಾಗ ಮರೆಮಾಡಲು ಅವು ನಮ್ಮ ಕೈಗೆ ಯಾವ ಪದ ಕೊಡುತ್ತವೆ? ಆ ಪದ ಎಷ್ಟು ಪ್ರಾಮಾಣಿಕ?

ನಾನು ಕರಾವಳಿ ಕಡೆಯವನು. ಇದು ತಲೆಗೆ ಹತ್ತಬೇಕಾದರೆ ನನಗೆ ಆಟವೇ ನೆನಪಾಗಬೇಕು. ಯಕ್ಷಗಾನದಲ್ಲಿ ಒಂದು ವೇಷ ಪ್ರೇಕ್ಷಕನಿಗೆ ಕಾಣದೇ ಇರಲು ನಾಲ್ಕು ಕಾರಣ ಇರಬಹುದು. ಒಂದು, ವೇಷಧಾರಿ ರಂಗಸ್ಥಳದಲ್ಲೇ ಇದ್ದಾನೆ, ಆದರೆ ಇಬ್ಬರು ಹಿಡಿದ ತೆರೆಯ ಹಿಂದೆ ಕುಣಿಯುತ್ತಿದ್ದಾನೆ. ಜಾಗ ಅವನದೇ, ಗೆಜ್ಜೆಯ ಸದ್ದೂ ಕೇಳುತ್ತದೆ. ಎರಡು, ಬಣ್ಣ ಹಚ್ಚಿ, ಕಿರೀಟ ಕಟ್ಟಿ, ಚೌಕಿಯಲ್ಲಿ ಕೂತಿದ್ದಾನೆ. ರಂಗದಲ್ಲಿ ಅವನಿಗೆ ಜಾಗ ಹಿಡಿದಿಟ್ಟಿಲ್ಲ, ಆದರೆ ಕರೆದ ಕೂಡಲೇ ಬರುತ್ತಾನೆ. ಮೂರು, ಬಣ್ಣ ತೊಳೆದು ಮನೆಗೆ ಹೋಗಿದ್ದಾನೆ. ಮತ್ತೆ ಬೇಕು ಅಂದರೆ ಅಕ್ಕಿಹಿಟ್ಟಿನ ಚುಟ್ಟಿಯಿಂದ ಶುರುಮಾಡಿ ಗಂಟೆಗಟ್ಟಲೆ ಕೂರಬೇಕು. ನಾಲ್ಕು, ಇವತ್ತಿನ ಪ್ರಸಂಗದಲ್ಲಿ ಆ ಪಾತ್ರವೇ ಇಲ್ಲ, ಮೇಳದವರು ಅವನನ್ನು ಕರೆಸಿಯೇ ಇಲ್ಲ.

ಎದುರು ಕೂತವನಿಗೆ ನಾಲ್ಕೂ ಒಂದೇ. ಆಡಿಸುವವನಿಗೆ ನಾಲ್ಕೂ ಬೇರೆ. ಚೌಕಿಗೆ ಇಣುಕಿ ನೋಡುವ ಹುಡುಗನಿಗಂತೂ ತೀರಾ ಬೇರೆ.

ವೆಬ್‌ನಲ್ಲೂ ಹೀಗೇ. ಸಿಎಸ್‌ಎಸ್‌ನಲ್ಲಿ ‘ವಿಸಿಬಿಲಿಟಿ: ಹಿಡನ್’ ಅಂದರೆ ಮೊದಲನೆಯದು, ವಸ್ತು ಕಾಣುವುದಿಲ್ಲ, ಅದರ ಜಾಗ ಖಾಲಿ ಉಳಿಯುತ್ತದೆ. ‘ಡಿಸ್‌ಪ್ಲೇ: ನನ್’ ಎರಡನೆಯದು, ಜಾಗವೂ ಹೋಗುತ್ತದೆ, ಆದರೆ ವಸ್ತು ಪುಟದ ಒಳಗೇ ಸಿದ್ಧವಾಗಿ ಕೂತಿರುತ್ತದೆ. ಡಾಮ್‌ನಿಂದಲೇ ಕಿತ್ತುಹಾಕುವುದು ಮೂರನೆಯದು. ಸರ್ವರ್ ಅದನ್ನು ಕಳಿಸದೇ ಇರುವುದು ನಾಲ್ಕನೆಯದು. ನಾನು ಆ ಟಿಕೆಟ್‌ನಲ್ಲಿ ಮಾಡಿದ್ದು ಎರಡನೆಯದು. ಬೇಕಾಗಿದ್ದದ್ದು ನಾಲ್ಕನೆಯದು. ‘ಹೈಡ್’ ಅನ್ನುವ ಪದ ನಾಲ್ಕಕ್ಕೂ ನಡೆಯುತ್ತದೆ, ತೊಂದರೆ ಇರುವುದೇ ಅಲ್ಲಿ.

ಈ ನಾಲ್ಕರಲ್ಲಿ ಹಳೇ ಕಾಲದ ಒಂದು ಫ್ರೇಮ್‌ವರ್ಕ್ ಏನು ಮಾಡುತ್ತಿತ್ತು ನೋಡಿ. ಹೆಸರು ಅಪಾಚೆ ವಿಕೆಟ್. ಕ್ರಿಕೆಟ್ಟಿಗೂ ಇದಕ್ಕೂ ಸಂಬಂಧ ಇಲ್ಲ. 2004ರಲ್ಲಿ ಜೊನಾಥನ್ ಲಾಕ್ ಶುರುಮಾಡಿದ ಜಾವಾ ಫ್ರೇಮ್‌ವರ್ಕ್, 2007ರಲ್ಲಿ ಅಪಾಚೆಯ ಸ್ವತಂತ್ರ ಪ್ರಾಜೆಕ್ಟ್ ಆಯಿತು. ಇವತ್ತು ಹೊಸಬರು ಯಾರೂ ಇದನ್ನು ಇಷ್ಟಪಟ್ಟು ಕಲಿಯುವುದಿಲ್ಲ, ಬ್ಯಾಂಕು ವಿಮೆ ಥರದ ಹಳೇ ಪ್ರಾಜೆಕ್ಟಿಗೆ ಹಾಕಿದರೆ ಮುಖ ಸಪ್ಪೆ ಮಾಡಿಕೊಂಡು ಕಲಿಯುತ್ತಾರೆ. ನಾನೂ ಹಾಗೇ ಕಲಿತೆ. ಆದರೆ ಈ ಒಂದು ವಿಷಯದಲ್ಲಿ ಅದರ ಮೇಲೆ ನನಗೆ ಗೌರವ.

ವಿಕೆಟ್‌ನಲ್ಲಿ ಪುಟ ಹುಟ್ಟುವುದು ಸರ್ವರ್‌ನಲ್ಲಿ. ಒಂದು ಕಾಂಪೊನೆಂಟಿಗೆ ‘ಸೆಟ್‌ವಿಸಿಬಲ್’ ಅಂತ ಕರೆದು ‘ಫಾಲ್ಸ್’ ಕೊಟ್ಟರೆ ಅದು ಎಚ್‌ಟಿಎಂಎಲ್‌ಗೆ ಬರೆಯಲ್ಪಡುವುದೇ ಇಲ್ಲ. ಬ್ರೌಸರ್‌ನಲ್ಲಿ ಎಷ್ಟು ಅಗೆದರೂ ಸಿಗುವುದಿಲ್ಲ, ಯಾಕಂದ್ರೆ ಅಲ್ಲಿಗೆ ಬಂದೇ ಇಲ್ಲ. ಅಷ್ಟೇ ಅಲ್ಲ. ಕಾಣದ ಒಂದು ಲಿಂಕಿನ ವಿಳಾಸವನ್ನು ಯಾರೋ ಊಹಿಸಿ ಕೈಯಾರೆ ಟೈಪ್ ಮಾಡಿದರು ಅಂತಿಟ್ಕೊಳ್ಳಿ. ಆ ಕಾಂಪೊನೆಂಟ್ ಈಗ ಕಾಣುತ್ತಿಲ್ಲ ಅನ್ನುವ ಕಾರಣಕ್ಕೇ ವಿಕೆಟ್ ಆ ಕೋರಿಕೆಯನ್ನು ತಿರಸ್ಕರಿಸುತ್ತದೆ. ಕಾಣದ ಬಾಗಿಲನ್ನು ತಟ್ಟಲು ಆಗುವುದಿಲ್ಲ. ಇದಕ್ಕಿಂತ ಒಳ್ಳೆಯ ವಿಚಾರ ಇನ್ನೊಂದಿದೆ. ‘ಇದನ್ನು ಈಗ ತೋರಿಸಬೇಕಾ?’ ಮತ್ತು ‘ಇದನ್ನು ನೋಡಲು ಇವರಿಗೆ ಅಧಿಕಾರ ಇದೆಯಾ?’ ಎರಡೂ ಬೇರೆಬೇರೆ ಪ್ರಶ್ನೆ ಅಂತ ವಿಕೆಟ್‌ಗೆ ಗೊತ್ತು. ಎರಡನೇ ಪ್ರಶ್ನೆ ಕೇಳಲೆಂದೇ ಅನುಮತಿಯ ವ್ಯವಸ್ಥೆ ಪ್ರತ್ಯೇಕವಾಗಿ ಇದೆ. ಎರಡಕ್ಕೂ ಹೌದು ಅಂದರೆ ಮಾತ್ರ ವಸ್ತು ಪುಟಕ್ಕೆ ಬರುತ್ತದೆ.

ಹಾಗಂತ ವಿಕೆಟ್ ದೇವರೇನಲ್ಲ. ಅದರ ‘ಈಸ್‌ವಿಸಿಬಲ್’ ಅನ್ನು ನಾವೇ ತಿದ್ದಿ ಬರೆಯಬಹುದು. ಅನೇಕರು ಅದರೊಳಗೆ ಡೇಟಾಬೇಸ್ ಕ್ವೆರಿ ಬರೆದು ಕೈಸುಟ್ಟುಕೊಂಡಿದ್ದಾರೆ. ಒಂದೇ ಕೋರಿಕೆಯಲ್ಲಿ ಫ್ರೇಮ್‌ವರ್ಕ್ ಅದನ್ನು ಹಲವು ಸಲ ಕರೆಯುತ್ತದೆ, ಅಷ್ಟೂ ಸಲ ಡೇಟಾಬೇಸ್‌ಗೆ ಹೋಗಿಬರಬೇಕು. ಮಧ್ಯದಲ್ಲಿ ಉತ್ತರ ಬದಲಾದರಂತೂ ಕಾಂಪೊನೆಂಟ್ ಅರ್ಧ ದಾರಿಯಲ್ಲಿ ಮಾಯ. ಈ ಕಾಟಕ್ಕೆಂದೇ ‘ಆನ್‌ಕಾನ್ಫಿಗರ್’ ಬಂತು. ಬರೆಯುವ ಮೊದಲು ಒಂದು ಸಲ ಯೋಚಿಸಿ ತೀರ್ಮಾನಿಸು, ಆಮೇಲೆ ಆ ತೀರ್ಮಾನಕ್ಕೇ ಅಂಟಿಕೋ ಅನ್ನುವ ಜಾಗ ಅದು. ಇನ್ನೊಂದು ಕಾಟ ಅಜಾಕ್ಸ್‌ನದು. ಕಾಣದ ಕಾಂಪೊನೆಂಟ್ ಪುಟದಲ್ಲಿ ಗುರುತೇ ಉಳಿಸದ ಮೇಲೆ, ಅದನ್ನು ಮತ್ತೆ ಎಲ್ಲಿ ತಂದು ಕೂರಿಸುವುದು? ಅದಕ್ಕೆ ‘ಸೆಟ್‌ಔಟ್‌ಪುಟ್‌ಮಾರ್ಕಪ್‌ಪ್ಲೇಸ್‌ಹೋಲ್ಡರ್‌ಟ್ಯಾಗ್’ ಅಂತ ಕರೆಯಬೇಕು. ಉಸಿರು ಬಿಗಿಹಿಡಿದು ಹೇಳುವ ಹೆಸರು. ಅದು ಮಾಡುವುದಿಷ್ಟೇ: ಒಂದು ಖಾಲಿ ಟ್ಯಾಗನ್ನು ಡಿಸ್‌ಪ್ಲೇ ನನ್ ಮಾಡಿ ಬಿಟ್ಟುಹೋಗುತ್ತದೆ. ಬಸ್ ಸೀಟಿನ ಮೇಲೆ ಟವೆಲ್ ಹಾಕಿದ ಹಾಗೆ. ಸೀಟು ನಮ್ಮದು, ಮನುಷ್ಯ ಇನ್ನೂ ಹತ್ತಿಲ್ಲ. ಹೆಸರು ಎಷ್ಟೇ ಅಸಹ್ಯ ಆಗಲಿ, ಅದರಲ್ಲಿ ಸುಳ್ಳಿಲ್ಲ.

ಆಮೇಲೆ ಪುಟ ಹುಟ್ಟುವ ಜಾಗ ಸರ್ವರ್‌ನಿಂದ ಬ್ರೌಸರ್‌ಗೆ ಬಂತು. ಸರ್ವರ್ ಬರೀ ಜೇಸನ್ ಕಳಿಸುತ್ತದೆ, ಬ್ರೌಸರ್‌ನೊಳಗಿನ ಜಾವಾಸ್ಕ್ರಿಪ್ಟ್ ಅದರಿಂದ ಪುಟ ಕಟ್ಟುತ್ತದೆ. ಕೆಲಸ ಸಲೀಸಾಯಿತು, ಪುಟ ಚುರುಕಾಯಿತು, ಒಪ್ಪಿಕೊಳ್ಳೋಣ. ಆದರೆ ಹಳೇ ಪದಗಳ ಅರ್ಥ ಸದ್ದಿಲ್ಲದೆ ಬದಲಾಯಿತು. ಮೊದಲು ‘ಕಾಣಿಸಬೇಡ’ ಅಂದರೆ ‘ಕಳಿಸಬೇಡ’ ಅಂತಲೂ ಆಗುತ್ತಿತ್ತು. ಈಗ ‘ಕಾಣಿಸಬೇಡ’ ಅಂದರೆ ‘ಕಳಿಸಿದ್ದನ್ನು ಬಿಡಿಸಬೇಡ’ ಅಂತ ಮಾತ್ರ. ಇಡೀ ಮೇಳವನ್ನು ಪ್ರೇಕ್ಷಕನ ಮನೆಗೇ ಕಳಿಸಿಕೊಟ್ಟು, ಇಂಥವರನ್ನು ನೋಡಬೇಡಿ ಅಂತ ಕೇಳಿಕೊಂಡ ಹಾಗೆ.

ವ್ಯೂ ಈ ವಿಷಯದಲ್ಲಿ ಸಾಕಷ್ಟು ಮರ್ಯಾದಸ್ಥ ಫ್ರೇಮ್‌ವರ್ಕ್. ಎರಡು ಬೇರೆ ಪದ ಕೊಡುತ್ತದೆ. ‘ವಿ-ಶೋ’ ಅಂದರೆ ಚೌಕಿ, ‘ವಿ-ಇಫ್’ ಅಂದರೆ ಮನೆ. ಪದೇಪದೇ ತೋರಿಸಿ ಮರೆಮಾಡುವುದಿದ್ದರೆ ಮೊದಲನೆಯದು ಬಳಸಿ, ಅಪರೂಪಕ್ಕೆ ಬದಲಾಗುವುದಿದ್ದರೆ ಎರಡನೆಯದು ಅಂತ ಅದರ ದಾಖಲೆಯಲ್ಲೇ ಸ್ಪಷ್ಟವಾಗಿ ಇದೆ. ಮನೆಗೆ ಕಳಿಸಿದರೂ ನೆನಪು ಉಳಿಸಿಕೊಳ್ಳಬೇಕಾದರೆ ‘ಕೀಪ್‌ಅಲೈವ್’ ಇದೆ. ನನ್ನ ತಕರಾರು ಒಂದೇ. ಎರಡರ ನಡುವಿನ ಆಯ್ಕೆ ನಮ್ಮ ಕೈಗೆ ಬರುವುದು ಖರ್ಚಿನ ಲೆಕ್ಕವಾಗಿ: ಇದು ಮೊದಲಿಗೆ ದುಬಾರಿ, ಅದು ಬದಲಿಸುವಾಗ ದುಬಾರಿ. ಓದಿದ ಹೊಸಬ, ಅಂದರೆ ಅವತ್ತಿನ ನಾನು, ಇದು ವೇಗದ ಪ್ರಶ್ನೆ ಅಂದುಕೊಳ್ಳುತ್ತಾನೆ. ಏನನ್ನು ಅಡಗಿಸುತ್ತಿದ್ದೀಯ, ಯಾರಿಂದ ಅಂತ ಅವನನ್ನು ಯಾರೂ ಕೇಳುವುದಿಲ್ಲ.

ಆಂಗ್ಯುಲರ್‌ನವರದ್ದು ಸ್ವಲ್ಪ ಅಡ್ಡಾದಿಡ್ಡಿ ದಾರಿ. ಹಳೇ ಆಂಗ್ಯುಲರ್‌ಜೆಎಸ್‌ನಲ್ಲಿ ‘ಎನ್‌ಜಿ-ಶೋ’, ‘ಎನ್‌ಜಿ-ಹೈಡ್’ ಮೊದಲು ಬಂದವು, ‘ಎನ್‌ಜಿ-ಇಫ್’ ಆಮೇಲೆ. ಹೊಸ ಆಂಗ್ಯುಲರ್‌ನಲ್ಲಿ ಶೋ, ಹೈಡ್ ಎರಡನ್ನೂ ಕೈಬಿಟ್ಟರು. ಅಡಗಿಸುವುದಷ್ಟೇ ಬೇಕಿದ್ದರೆ ಎಚ್‌ಟಿಎಂಎಲ್‌ನ ‘ಹಿಡನ್’ ಗುಣವನ್ನೇ ಬಳಸಿ ಅನ್ನುವ ಧಾಟಿ. ಆ ‘ಹಿಡನ್’ ಇದೆಯಲ್ಲ, ಅದರಷ್ಟು ಬಡಪಾಯಿ ಇನ್ನೊಂದಿಲ್ಲ. ನಿಮ್ಮ ಸಿಎಸ್‌ಎಸ್‌ನಲ್ಲಿ ಅದೇ ಪೆಟ್ಟಿಗೆಗೆ ‘ಡಿಸ್‌ಪ್ಲೇ: ಫ್ಲೆಕ್ಸ್’ ಅಂತ ಒಂದು ಸಾಲಿದ್ದರೆ ಸಾಕು, ಹಿಡನ್ ಸೋತು ವಸ್ತು ಹಲ್ಲುಕಿರಿಯುತ್ತಾ ಎದುರು ನಿಲ್ಲುತ್ತದೆ. 2023ರ ನವೆಂಬರ್‌ನಲ್ಲಿ ಬಂದ 17ನೇ ಆವೃತ್ತಿಯಿಂದ ಟೆಂಪ್ಲೇಟ್ ಒಳಗೇ ‘ಇಫ್’ ಬರೆಯುವ ಹೊಸ ಪದ್ಧತಿ ಇದೆ. ಓದಲು ಚೆನ್ನಾಗಿದೆ, ಅರ್ಥ ಹಳೆಯದೇ.

ಇನ್ನು ರಿಯಾಕ್ಟ್. ನಮ್ಮಲ್ಲಿ ಹೆಚ್ಚಿನವರ ಅನ್ನ ಇದರಿಂದ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

2013ರ ಮೇ ತಿಂಗಳಲ್ಲಿ ಫೇಸ್‌ಬುಕ್ ಇದನ್ನು ಹೊರಗೆ ಬಿಟ್ಟಾಗ ಇದರ ಹೆಮ್ಮೆ ಏನಾಗಿತ್ತು ಅಂದರೆ, ಇಲ್ಲಿ ‘ತೋರಿಸು’ ‘ಅಡಗಿಸು’ ಅನ್ನುವ ಆಜ್ಞೆಗಳೇ ಇಲ್ಲ. ಪುಟ ಈಗ ಹೇಗಿರಬೇಕು ಅಂತ ಹೇಳಿ, ಉಳಿದದ್ದು ನಾನು ನೋಡಿಕೊಳ್ತೀನಿ ಅನ್ನುತ್ತೆ. ಬೇಡವಾದರೆ ‘ನಲ್’ ಕೊಟ್ಟುಬಿಡಿ. ಇದು ಸುಂದರವಾದ ವಿಚಾರ, ಅನುಮಾನವೇ ಇಲ್ಲ. ಜೆಕ್ವೆರಿಯಲ್ಲಿ ಇಪ್ಪತ್ತು ಕಡೆ ಶೋ, ಹೈಡ್ ಬರೆದು ಯಾವುದು ಯಾವಾಗ ಕಾಣುತ್ತದೆ ಅಂತ ತಲೆ ಕೆರೆದುಕೊಂಡವರಿಗೆ ಇದು ಬಿಡುಗಡೆಯೇ ಆಗಿತ್ತು.

ಆದರೆ ಇದರಲ್ಲಿ ಕಾಣದ ವಸ್ತುವಿಗೆ ಒಂದೇ ಗತಿ: ಬಣ್ಣ ತೊಳೆದು ಮನೆಗೆ. ಚೌಕಿಯೇ ಇಲ್ಲ.

ಗೆಳೆಯನೊಬ್ಬನ ಕಂಪನಿಯ ಪೇರೋಲ್ ಆಪ್‌ನ ಕಥೆ ಕೇಳಿ. ಜನವರಿ ಬಂತು ಅಂದರೆ ನಮಗೆಲ್ಲ ಪ್ರೂಫ್ ಸಬ್‌ಮಿಷನ್ ಜ್ವರ ತಾನೇ? ಫಾರಂನ ಮೇಲ್ಗಡೆ ಎರಡು ಗುಂಡಿ: ಹಳೇ ತೆರಿಗೆ ಪದ್ಧತಿ, ಹೊಸ ಪದ್ಧತಿ. ಹಳೆಯದನ್ನು ಆರಿಸಿದರೆ ಕೆಳಗೆ ಮನೆಬಾಡಿಗೆಯ ವಿಭಾಗ ತೆರೆದುಕೊಳ್ಳುತ್ತದೆ. ಹೊಸದರಲ್ಲಿ ಎಚ್‌ಆರ್‌ಎ ವಿನಾಯಿತಿ ಇಲ್ಲ, ಹಾಗಾಗಿ ಆ ವಿಭಾಗ ಕಾಣಬೇಕಾಗಿಲ್ಲ. ಕೋಡ್ ಬರೆದವರು ಸರಿಯಾಗೇ ಬರೆದಿದ್ದಾರೆ, ಬೇಡವಾದಾಗ ‘ನಲ್’. ಗೆಳೆಯ ಹನ್ನೆರಡು ತಿಂಗಳ ಬಾಡಿಗೆ, ರಸೀದಿ, ಓನರ್ ಅಂಕಲ್‌ನ ಕಾಡಿಬೇಡಿ ಪಡೆದ ಪ್ಯಾನ್ ನಂಬರ್, ಎಲ್ಲ ತುಂಬಿಸಿದ. ಹೊಸ ಪದ್ಧತಿಯಲ್ಲಿ ತೆರಿಗೆ ಎಷ್ಟಾಗುತ್ತೆ ನೋಡೋಣ ಅಂತ ಆ ಗುಂಡಿ ಒತ್ತಿದ. ನೋಡಿ ವಾಪಸ್ ಹಳೆಯದಕ್ಕೆ ಬಂದ. ಬಾಡಿಗೆಯ ವಿಭಾಗ ಬಂತು, ಖಾಲಿಯಾಗಿ. ಹನ್ನೆರಡು ತಿಂಗಳೂ ಹೋಗಿದ್ದವು.

“ಎರಡೂ ನೋಡಿ ಯಾವುದು ಲಾಭ ಅಂತ ಆರಿಸಿ ಅಂತ ಅವರೇ ಮೇಲ್ ಮಾಡ್ತಾರೆ ಮಾರಾಯ, ನೋಡಿದ್ರೆ ಅಳಿಸಿ ಹಾಕ್ತಾರೆ” ಅಂದ.

ಅವನ ಮಾತಿನಲ್ಲಿ ಒಳ್ಳೆಯ ವಿಮರ್ಶೆ ಇದೆ. ರಿಯಾಕ್ಟ್‌ನಲ್ಲಿ ಕಾಂಪೊನೆಂಟ್ ಹೋದರೆ ಅದರ ಒಳಗಿನ ಸ್ಟೇಟ್ ಕೂಡ ಹೋಗುತ್ತದೆ, ಇದು ನಿಯಮ. ಬಲ್ಲವರು ‘ಸ್ಟೇಟನ್ನು ಮೇಲಿನ ಕಾಂಪೊನೆಂಟಿಗೆ ಎತ್ತಿಡಬೇಕಿತ್ತು’ ಅನ್ನುತ್ತಾರೆ. ಹೌದು, ಎತ್ತಿಡಬೇಕಿತ್ತು. ಆದರೆ ಮನೆಬಾಡಿಗೆ ವಿಭಾಗ ಬರೆಯುವವನು, ನನ್ನನ್ನು ಮುಂದೆ ಯಾರೋ ಮರೆಮಾಡಬಹುದು ಅಂತ ಮೊದಲೇ ಊಹಿಸಿ ತನ್ನ ಸಾಮಾನನ್ನೆಲ್ಲ ಪಕ್ಕದ ಮನೆಯಲ್ಲಿ ಇಡಬೇಕು ಅನ್ನುವುದು ಎಲ್ಲಿಯ ನ್ಯಾಯ?

ತಮಾಷೆ ಅಂದರೆ ಇದರ ಉಲ್ಟಾ ಕೂಡ ಆಗುತ್ತದೆ. ಒಂದೇ ಜಾಗದಲ್ಲಿ, ಷರತ್ತಿನ ಈಚೆಗೊಂದು ಆಚೆಗೊಂದು ಒಂದೇ ಬಗೆಯ ಕಾಂಪೊನೆಂಟ್ ಇಟ್ಟರೆ, ರಿಯಾಕ್ಟ್ ಎರಡನ್ನೂ ಒಬ್ಬನೇ ಅಂತ ತಿಳಿಯುತ್ತದೆ. ‘ಓನರ್ ಹೆಸರು’ ಪೆಟ್ಟಿಗೆಯಲ್ಲಿ ಬರೆದದ್ದು, ಗುಂಡಿ ಒತ್ತಿದಾಗ ‘ಬ್ಯಾಂಕ್ ಹೆಸರು’ ಪೆಟ್ಟಿಗೆಯಲ್ಲಿ ಪ್ರತ್ಯಕ್ಷ. ಬೇರೆಬೇರೆ ‘ಕೀ’ ಕೊಟ್ಟರೆ ಸರಿಹೋಗುತ್ತದೆ. ಅಂದರೆ ಉಳಿಯಬೇಕಾದದ್ದು ಅಳಿಯುತ್ತದೆ, ಅಳಿಯಬೇಕಾದದ್ದು ಉಳಿಯುತ್ತದೆ, ಎರಡಕ್ಕೂ ಸರಿಯಾದ ಕಾರಣ ದಾಖಲೆಯಲ್ಲಿ ಇದೆ. ಬಳಸುವವನಿಗೆ ಆ ಕಾರಣ ಕಟ್ಟಿಕೊಂಡು ಏನಾಗಬೇಕು?

ಇದರ ಜೊತೆಗೆ ಆ ಪ್ರಸಿದ್ಧ ಸೊನ್ನೆ. ‘ಸಂದೇಶಗಳ ಸಂಖ್ಯೆ ಇದ್ದರೆ ಪಟ್ಟಿ ತೋರಿಸು’ ಅಂತ ಎರಡು ಆಂಪರ್ಸಂಡ್ ಹಾಕಿ ಬರೆಯುತ್ತೇವೆ. ಸಂಖ್ಯೆ ಸೊನ್ನೆಯಾದರೆ ಏನೂ ಕಾಣಬಾರದು. ರಿಯಾಕ್ಟ್ ‘ಫಾಲ್ಸ್’ ಆದರೆ ಏನೂ ಬರೆಯುವುದಿಲ್ಲ, ‘ನಲ್’ ಆದರೂ ಬರೆಯುವುದಿಲ್ಲ, ಸೊನ್ನೆಯಾದರೆ ಮಾತ್ರ 0 ಅಂತ ಬರೆದಿಡುತ್ತದೆ. ನೀವು ಯಾವುದಾದರೂ ವೆಬ್‌ಸೈಟ್‌ನ ಮೂಲೆಯಲ್ಲಿ ದಿಕ್ಕಿಲ್ಲದ ಒಂದು 0 ನೋಡಿದ್ದರೆ, ಬಹುಶಃ ಇದೇ ಇರಬೇಕು.

ಕೊನೆಗೂ 2025ರ ಅಕ್ಟೋಬರ್‌ನಲ್ಲಿ ರಿಯಾಕ್ಟ್ 19.2 ‘ಆ್ಯಕ್ಟಿವಿಟಿ’ ಅನ್ನುವ ಕಾಂಪೊನೆಂಟ್ ಕೊಟ್ಟಿತು. ಅದಕ್ಕೆ ‘ಹಿಡನ್’ ಅಂದರೆ ಒಳಗಿನದನ್ನು ಡಿಸ್‌ಪ್ಲೇ ನನ್ ಮಾಡುತ್ತದೆ, ಅದರ ಎಫೆಕ್ಟ್‌ಗಳನ್ನು ನಿಲ್ಲಿಸುತ್ತದೆ, ಸ್ಟೇಟನ್ನು ಮಾತ್ರ ಕಾಪಾಡುತ್ತದೆ. ಚೌಕಿಗೆ ಹೋದ ವೇಷಧಾರಿ ಗೆಜ್ಜೆ ಬಿಚ್ಚಿ ಕೂರುತ್ತಾನೆ, ಬಣ್ಣ ಹಾಗೇ ಇರುತ್ತದೆ. ಒಳ್ಳೆಯ ಕೆಲಸ, ಯೋಚನೆ ಮಾಡಿ ಮಾಡಿದ ಕೆಲಸ. ಆದರೆ ‘ಸ್ವಲ್ಪ ಹೊತ್ತು ಪಕ್ಕಕ್ಕಿರು’ ಅನ್ನುವ ಇಷ್ಟು ಮಾಮೂಲಿ ಮಾತಿಗೆ ಅಧಿಕೃತ ಪದ ಸಿಗಲು ಹನ್ನೆರಡು ವರ್ಷ ಬೇಕಾಯಿತು. ವಿಚಾರದ ಶುದ್ಧಿಗೆ ಕೊಟ್ಟ ಬೆಲೆ ಅದು. ಬೆಲೆ ತೆತ್ತವರು ನನ್ನ ಗೆಳೆಯನಂಥವರು.

ಕಣ್ಣು ಕಾಣುವವರ ಬಗ್ಗೆ ಮಾತ್ರ ಇಷ್ಟು ಹೊತ್ತು ಮಾತಾಡಿದೆ. ಸ್ಕ್ರೀನ್ ರೀಡರ್ ಬಳಸುವವರಿಗೆ ‘ಕಾಣುವುದು’ ಅಂದರೆ ಕೇಳುವುದು. ಮೆನು ನಯವಾಗಿ ಮಾಯವಾಗಲಿ ಅಂತ ‘ಒಪ್ಯಾಸಿಟಿ’ಯನ್ನು ಸೊನ್ನೆ ಮಾಡಿ ಬಿಡುತ್ತೇವೆ. ಕಣ್ಣಿಗೆ ಮೆನು ಹೋಯಿತು. ಆದರೆ ಟ್ಯಾಬ್ ಕೀ ಒತ್ತುತ್ತಾ ಹೋಗುವವರಿಗೆ ಹೋಗಿಲ್ಲ, ಒಂದೊಂದೇ ಲಿಂಕನ್ನು ಸ್ಕ್ರೀನ್ ರೀಡರ್ ಓದುತ್ತಲೇ ಇರುತ್ತದೆ. ಇನ್ನೊಂದು ಕಡೆ, ‘ನಿಮ್ಮ ಪ್ಯಾನ್ ನಂಬರ್ ತಪ್ಪಾಗಿದೆ’ ಅನ್ನುವ ಎಚ್ಚರಿಕೆಯ ಪೆಟ್ಟಿಗೆಯನ್ನು ತಪ್ಪಾದಾಗ ಮಾತ್ರ ಹುಟ್ಟಿಸುತ್ತೇವೆ. ಪುಟದ ಆ ಜಾಗವನ್ನು ಸ್ಕ್ರೀನ್ ರೀಡರ್ ಮೊದಲಿನಿಂದ ಗಮನಿಸುತ್ತಿದ್ದರೆ ಅಲ್ಲಿ ಬಂದ ಹೊಸ ಮಾತನ್ನು ಓದುತ್ತದೆ. ಪೆಟ್ಟಿಗೆಯೇ ಆಗಷ್ಟೇ ಹುಟ್ಟಿದರೆ ಎಷ್ಟೋ ಸಲ ಓದುವುದೇ ಇಲ್ಲ. ಖಾಲಿ ಪೆಟ್ಟಿಗೆಯನ್ನು ಮೊದಲೇ ಇಟ್ಟಿದ್ದು ಮಾತನ್ನು ಆಮೇಲೆ ತುಂಬಬೇಕು. ಇಲ್ಲಿ ವಿ-ಇಫ್ ಆಗಲಿ ರಿಯಾಕ್ಟ್‌ನ ನಲ್ ಆಗಲಿ ತಪ್ಪು ಆಯ್ಕೆ. ಒಂದು ಕಡೆ ಅಡಗಿದ್ದು ಸಾಲದು, ಇನ್ನೊಂದು ಕಡೆ ಅಡಗಿದ್ದು ಅತಿಯಾಯಿತು.

ಈಗ ಆ ಅಪ್ರೈಸಲ್ ಕಥೆಗೆ ವಾಪಸ್ ಬರೋಣ. ಅದಕ್ಕೂ ಮೊದಲು ಅಮೆರಿಕದ ಮಿಸೌರಿಯಲ್ಲಿ 2021ರ ಅಕ್ಟೋಬರ್‌ನಲ್ಲಿ ನಡೆದದ್ದನ್ನು ಹೇಳಬೇಕು. ಅಲ್ಲಿನ ರಾಜ್ಯ ಶಿಕ್ಷಣ ಇಲಾಖೆಯ ವೆಬ್‌ಸೈಟ್‌ನಲ್ಲಿ ಶಿಕ್ಷಕರ ಅರ್ಹತೆ ಹುಡುಕುವ ಪುಟ ಇತ್ತು. ಸೇಂಟ್ ಲೂಯಿಸ್ ಪೋಸ್ಟ್-ಡಿಸ್ಪ್ಯಾಚ್ ಪತ್ರಿಕೆಯ ವರದಿಗಾರ ನೋಡಿದರೆ, ಶಿಕ್ಷಕರ ಸೋಶಿಯಲ್ ಸೆಕ್ಯುರಿಟಿ ನಂಬರ್‌ಗಳು ಪರದೆಯ ಮೇಲೆ ಕಾಣದಿದ್ದರೂ ಪುಟದ ಮೂಲ ಕೋಡ್‌ನಲ್ಲೇ ಇದ್ದವು. ಒಂದು ಲಕ್ಷಕ್ಕೂ ಹೆಚ್ಚು ಶಿಕ್ಷಕರ ನಂಬರ್ ಹೀಗೆ ಬಯಲಾಗಬಹುದಿತ್ತು. ಪತ್ರಿಕೆ ಇಲಾಖೆಗೆ ತಿಳಿಸಿತು, ಅವರು ಸರಿಪಡಿಸುವ ತನಕ ವರದಿ ತಡೆಹಿಡಿಯಿತು. ಮರುದಿನ ಗವರ್ನರ್ ಮೈಕ್ ಪಾರ್ಸನ್ ಪತ್ರಿಕಾಗೋಷ್ಠಿ ಕರೆದರು. ಧನ್ಯವಾದ ಹೇಳಲು ಅಲ್ಲ, ವರದಿಗಾರನನ್ನು ಹ್ಯಾಕರ್ ಅಂತ ಕರೆದು ಕಾನೂನು ಕ್ರಮದ ಮಾತಾಡಲು. 2022ರ ಫೆಬ್ರವರಿಯಲ್ಲಿ ಅಲ್ಲಿನ ಪ್ರಾಸಿಕ್ಯೂಟರ್ ಮೊಕದ್ದಮೆ ಹೂಡುವುದಿಲ್ಲ ಅಂದಮೇಲೆ ಅದು ಮುಗಿಯಿತು.

ಇದನ್ನು ಓದಿ ನಾವೆಲ್ಲ ನಕ್ಕಿದ್ದೆವು. ಬಲ ಮೌಸ್ ಒತ್ತಿ ‘ವ್ಯೂ ಸೋರ್ಸ್’ ಅಂದರೆ ಹ್ಯಾಕಿಂಗಾ ಅಂತ ಮೀಮ್ ಕಳಿಸಿದ್ದೆವು. ನಮ್ಮದೇ ಕಾನ್ಫರೆನ್ಸ್ ರೂಮಿನಲ್ಲಿ ಅದೇ ಪ್ರಶ್ನೆ ಬಂದಾಗ ನನಗೆ ನಗು ಬರಲಿಲ್ಲ.

ಮೊದಲ ಮೀಟಿಂಗ್‌ನಲ್ಲಿ ಎಚ್‌ಆರ್‌ನವರು ಕೇಳಿದ ಮೊದಲ ಪ್ರಶ್ನೆ ಆಪ್ ಬಗ್ಗೆ ಆಗಿರಲಿಲ್ಲ. “ಗೌಪ್ಯ ಮಾಹಿತಿ ಅಂತ ಗೊತ್ತಿದ್ದೂ ಯಾಕೆ ನೋಡಿದರು? ಇದು ಪಾಲಿಸಿ ಉಲ್ಲಂಘನೆ ಆಗಲ್ವಾ?” ಅಂತ ಅವಳ ಬಗ್ಗೆ. ಎಚ್ಚರಿಕೆ ಪತ್ರ ಕೊಡುವ ಮಾತು ಬಂತು. ನಾನು ಸುಮ್ಮನೆ ಕೂತಿದ್ದೆ. ಆ ಮೌನ ನನಗೆ ಅನುಕೂಲವಾಗಿತ್ತು. ತಪ್ಪು ಅವಳ ಮೇಲೆ ಹೋದಷ್ಟೂ ನನ್ನ ಟಿಕೆಟ್ ಕಡೆಗೆ ಯಾರೂ ನೋಡುವುದಿಲ್ಲ. ಮೂವತ್ತು ನಿಮಿಷದ ಮೀಟಿಂಗ್‌ನಲ್ಲಿ ನಾನು ಆಡಿದ್ದು ಒಂದೇ ಮಾತು: “ಇವತ್ತೇ ಫಿಕ್ಸ್ ಮಾಡ್ತೀನಿ.”

ಮಾಡಿದೆ. ‘ವಿ-ಶೋ’ ತೆಗೆದು ‘ವಿ-ಇಫ್’ ಹಾಕಿದೆ. ಈಗ ಎಚ್‌ಟಿಎಂಎಲ್‌ನಲ್ಲಿ ಎಲ್ಲಿ ಹುಡುಕಿದರೂ ರೇಟಿಂಗ್ ಇಲ್ಲ. ನನಗಿಂತ ಹತ್ತು ವರ್ಷ ಹಿರಿಯರಾದ ನಮ್ಮ ಟೆಸ್ಟರ್ ಮೇಡಂ ನೋಡಿದರು. ಏನೂ ಹೇಳದೆ ಪಕ್ಕದ ನೆಟ್‌ವರ್ಕ್ ಟ್ಯಾಬ್ ತೆರೆದು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಸರ್ವರ್‌ನಿಂದ ಬಂದ ಜೇಸನ್ ಅಲ್ಲಿತ್ತು. ರೇಟಿಂಗ್, ಟಿಪ್ಪಣಿ, ಪಿಐಪಿ, ಎಲ್ಲವೂ ಇದ್ದ ಹಾಗೇ ಇತ್ತು.

“ಬಿಡಿಸೋದು ನಿಲ್ಸಿದೀರಿ. ಕಳಿಸೋದು ನಿಲ್ಸಿದೀರಾ?” ಅಂದರು. ಒಂದು ಕ್ಷಣ ಬಿಟ್ಟು, “ಅವಳ ಲ್ಯಾಪ್‌ಟಾಪಿಗೆ ಇದನ್ನ ಕಳಿಸಿದ್ದು ನಾವಪ್ಪಾ. ನಾವೇ ಮನೆಗೆ ಪೋಸ್ಟ್ ಮಾಡಿ, ಕವರ್ ಯಾಕೆ ಒಡೆದೆ ಅಂತ ಕೇಳಕ್ಕಾಗುತ್ತಾ?” ಅಂದರು.

ಎರಡನೇ ಮೀಟಿಂಗ್‌ನಲ್ಲಿ ನಾನು ಅದನ್ನೇ ಹೇಳಿದೆ. ಅವಳು ಎಲ್ಲಿಗೂ ನುಗ್ಗಿಲ್ಲ, ಅವಳ ಹೆಸರಿಗೆ ನಾವು ಕಳಿಸಿದ್ದನ್ನು ಅವಳು ಓದಿದ್ದಾಳೆ, ಕಳಿಸಿದ ಕೋಡ್ ನನ್ನದು ಅಂದೆ. ಬಾಯಿ ಒಣಗಿತ್ತು. ಪತ್ರದ ಮಾತು ಅಲ್ಲಿಗೆ ನಿಂತಿತು. ನನಗೂ ಏನೂ ಆಗಲಿಲ್ಲ, ಒಂದೆರಡು ದಿನ ಮ್ಯಾನೇಜರ್ ಮುಖ ಊದಿಸಿಕೊಂಡಿದ್ದರು ಅಷ್ಟೇ. ಮೊದಲ ಮೀಟಿಂಗ್‌ನಲ್ಲೇ ಹೇಳಬಹುದಿತ್ತು ಅನ್ನುವುದು ಮಾತ್ರ ಈಗಲೂ ಚುಚ್ಚುತ್ತದೆ.

ಹಾಗಾದರೆ ತಪ್ಪು ಫ್ರೇಮ್‌ವರ್ಕ್‌ನದಾ, ನನ್ನದಾ? ಸರ್ವರ್ ಮಾಡಬೇಕಾದ ಕಾವಲನ್ನು ಬ್ರೌಸರ್‌ಗೆ ಬಿಡಬಾರದು ಅನ್ನುವುದು ಹಳೇ ಪಾಠ, ವ್ಯೂ ಅಥವಾ ರಿಯಾಕ್ಟ್ ಕಲಿಸಲಿಲ್ಲ ಅಂತ ದೂರುವ ಹಾಗಿಲ್ಲ. ಆದರೂ ಓವಾಸ್ಪ್ ಸಂಸ್ಥೆಯ ವೆಬ್ ಅಪಾಯಗಳ ಪಟ್ಟಿಯಲ್ಲಿ, ಯಾರಿಗೆ ಏನು ಸಿಗಬೇಕು ಅನ್ನುವ ನಿಯಂತ್ರಣದ ವೈಫಲ್ಯ 2017ರಲ್ಲಿ ಐದನೇ ಸ್ಥಾನದಲ್ಲಿದ್ದದ್ದು 2021ರಲ್ಲಿ ಮೊದಲನೇ ಸ್ಥಾನಕ್ಕೆ ಬಂತು. ಇಷ್ಟೊಂದು ಜನ ಒಂದೇ ಪಾಠ ಮರೆಯುತ್ತಿದ್ದರೆ, ಉಪಕರಣಗಳೂ ಸ್ವಲ್ಪ ಮರೆಸುತ್ತಿವೆ ಅಂತ ನನ್ನ ಗುಮಾನಿ. ವಿಕೆಟ್ ಬರೆಯುವವನು ಏನೂ ಯೋಚಿಸದೆ ‘ಸೆಟ್‌ವಿಸಿಬಲ್ ಫಾಲ್ಸ್’ ಅಂದಿದ್ದರೂ ಅವಳ ರೇಟಿಂಗ್ ಸರ್ವರ್‌ನಲ್ಲೇ ಉಳಿಯುತ್ತಿತ್ತು. ಅಲ್ಲಿ ಸೋಮಾರಿಗೂ ರಕ್ಷಣೆ ಇತ್ತು. ಇಲ್ಲಿ ಎಚ್ಚರ ಇದ್ದವನಿಗೆ ಮಾತ್ರ. ರಿಯಾಕ್ಟ್‌ನ ಸರ್ವರ್ ಕಾಂಪೊನೆಂಟ್‌ಗಳು ಈಗ ಪುಟ ಕಟ್ಟುವ ಕೆಲಸವನ್ನು ಮತ್ತೆ ಸರ್ವರ್‌ಗೆ ಒಯ್ಯುತ್ತಿವೆ. ಅಲ್ಲಿ ಬಿಡಿಸದೇ ಇದ್ದದ್ದು ಬ್ರೌಸರ್‌ಗೆ ಬರುವುದಿಲ್ಲ. ಆದರೆ ಬ್ರೌಸರ್ ಕಡೆಯ ಕಾಂಪೊನೆಂಟಿಗೆ ಏನೇ ದಾಟಿಸಿದರೂ ಅದು ಪೂರ್ತಿ ದಾಟಿಹೋಗುತ್ತದೆ, ಕಾಣಲಿ ಬಿಡಲಿ. ಗಡಿ ಎಲ್ಲಿದೆ ಅಂತ ಕೋಡ್ ಓದಿದ ಕೂಡಲೇ ಗೊತ್ತಾಗುವುದಿಲ್ಲ. ಹಾಗಾಗಿ ನನಗೆ ಪೂರ್ತಿ ಸಮಾಧಾನ ಇಲ್ಲ.

ಈಗ ಟಿಕೆಟ್‌ನಲ್ಲಿ ‘ಹೈಡ್’ ಅಂತ ಕಂಡರೆ ನಾನು ವಾಪಸ್ ಕಳಿಸುತ್ತೇನೆ. ಗಲಾಟೆ ಆಗದಿರಲಿ ಅಂತ ಪಕ್ಕಕ್ಕೆ ಇಡಬೇಕಾ, ಬೇಡ ಅಂತ ತೆಗೆಯಬೇಕಾ, ಇವರು ನೋಡಲೇಬಾರದಾ, ಬರೆದು ಕಳಿಸಿ ಅನ್ನುತ್ತೇನೆ. ತಂಡದ ಹುಡುಗರು ನನ್ನ ಬೆನ್ನ ಹಿಂದೆ ಇದನ್ನು ಆಡಿಕೊಂಡು ನಗುತ್ತಾರೆ, ಗೊತ್ತು.

ಆ ಆಪ್‌ನ ಸರ್ವರ್ ಈಗ ಬಿಡುಗಡೆಯ ದಿನಕ್ಕೆ ಮೊದಲು ರೇಟಿಂಗ್ ಕಳಿಸುವುದಿಲ್ಲ. ನಾಲ್ಕು ಸಾಲಿನ ಬದಲಾವಣೆ, ಮೊದಲೇ ಮಾಡಿದ್ದರೆ ಅರ್ಧ ಗಂಟೆಯ ಕೆಲಸ. ಅವಳು ಅದನ್ನು ನೋಡಲಿಲ್ಲ. ಎರಡು ತಿಂಗಳಲ್ಲಿ ಬೇರೆ ಕೆಲಸ ಹುಡುಕಿಕೊಂಡು ಹೋದಳು. ಹೋಗುವ ದಿನ ನನ್ನ ಮೇಜಿನ ಹತ್ತಿರ ಬಂದು, “ನಾಲ್ಕು ದಿನ ಮೊದ್ಲೇ ಗೊತ್ತಾಗಿದ್ದೇ ಒಳ್ಳೇದಾಯ್ತು ಬಿಡಿ, ರೆಸ್ಯೂಮೆ ರೆಡಿ ಮಾಡ್ಕೊಂಡೆ” ಅಂತ ನಕ್ಕಳು. ಅದು ನನ್ನನ್ನು ಸಮಾಧಾನ ಮಾಡಲು ಹೇಳಿದ್ದು ಅಂತ ಇಬ್ಬರಿಗೂ ಗೊತ್ತಿತ್ತು.